ಅಪ್‌ಡೇಟ್: ಗಿರಿರಾಜ ಕೋಳಿಗಳಿಗೆ ಅಣಬೆ ತೊಟ್ಟಿನ ಪುಡಿ

ಭತ್ತದ ಹುಲ್ಲಿನಲ್ಲಿ ಬೆಳೆದ ಚಿಪ್ಪು ಅಣಬೆಯನ್ನು ಮಾರಾಟಕ್ಕೆ ಕತ್ತರಿಸಿದ ಮೇಲೆ ಉಳಿಯುವ ಗಡಸು ತೊಟ್ಟುಗಳನ್ನು ಕೋಳಿಗಳಿಗೆ ಕೊಡಬಹುದೇ ಎಂದು ಈ ಹಿಂದೆ ಕೇಳಿದ್ದೆ. ಒಣಗಿಸಿ, ಪುಡಿ ಮಾಡಿ, ಅಲ್ಪ ಪ್ರಮಾಣದಲ್ಲಿ ಕೊಡುವಂತೆ ಹಲವರು ಸೂಚಿಸಿದ್ದರು.

ಅದರಂತೆ ಮದ್ದೂರು ಬಳಿಯ ನಮ್ಮ ತೋಟದಲ್ಲಿ ತೊಟ್ಟುಗಳನ್ನು ಸೀಳಿ, ಮುರಿದರೆ ಪಟ್ಟೆಂದು ಸದ್ದಾಗುವವರೆಗೂ ಬಿಸಿಲಿಗೆ ಹರವಿ, ಗಿರಣಿಯಲ್ಲಿ ಬೀಸಿಸಿ, ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯ ಮಿಶ್ರಣಕ್ಕೆ ಕಿಲೋಗೆ 10 ಗ್ರಾಂನಂತೆ ಬೆರೆಸುತ್ತಿದ್ದೇನೆ. ಮೊದಮೊದಲು ಕೋಳಿಗಳು ಜೋಳದ ನುಚ್ಚನ್ನಷ್ಟೇ ಹೆಕ್ಕಿ ಪುಡಿಯನ್ನು ತಟ್ಟೆಯ ತಳದಲ್ಲೇ ಬಿಡುತ್ತಿದ್ದವು (ಇವುಗಳ ನಾಲಿಗೆಯೇನೂ ಕಡಿಮೆಯದ್ದಲ್ಲ). ತುಸು ನೀರು ಚಿಮುಕಿಸಿ, ಆ ಹೊತ್ತಿಗೆ ತಿಂದು ಮುಗಿಸುವಷ್ಟನ್ನೇ ಕಲಸಿಕೊಟ್ಟ ಮೇಲೆ ಆ ತೊಂದರೆ ನಿಂತಿತು.

ಹಿಕ್ಕೆ ಗಟ್ಟಿಯಾಗಿದ್ದು, ನೆಲದ ಹಾಸು ಮೊದಲಿಗಿಂತ ಒಣಗಿರುತ್ತದೆ. ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪುಡಿ ಕೊಡದೆ ಬೇರೆಯಿರಿಸಿದ ಕೋಳಿಗಳೂ ಅಷ್ಟೇ ಬೆಳೆದಿವೆ. ಅಣಬೆಯಲ್ಲಿರುವ ಬೀಟಾ-ಗ್ಲೂಕನ್ ಎಂಬ ನಾರಿನಂಶ ರೋಗನಿರೋಧಕ ಶಕ್ತಿಗೆ ನೆರವಾಗಬಲ್ಲದಾದರೂ, ಅದರೊಂದಿಗೇ ಇರುವ ಕೈಟಿನ್ ಎಂಬ ಗಡಸು ನಾರು ಕೋಳಿಗಳಿಗೆ ಸುಲಭವಾಗಿ ಅರಗುವುದಿಲ್ಲವಾದ್ದರಿಂದ ಪ್ರಮಾಣವನ್ನು ಹೆಚ್ಚಿಸುವ ಯೋಚನೆ ನನಗಿಲ್ಲ. ಕೋಳಿಗಳಿಗೆ ಬರುವ ರಾಣಿಖೇತ್ ರೋಗದ ಲಸಿಕೆಯನ್ನು ಎಂದಿನಂತೆಯೇ ಹಾಕಿಸುತ್ತಿದ್ದೇನೆ. ಹಸಿರು ಬೂಸ್ಟು ಹಿಡಿದ ಅಣಬೆ ಚೀಲಗಳ ತೊಟ್ಟುಗಳು ನೇರವಾಗಿ ಗೊಬ್ಬರದ ಗುಂಡಿಗೆ ಹೋಗುತ್ತವೆ.