ಗ್ಲೂಕೋಸ್ ಕುಡಿದ ಎರಡು ಗಂಟೆಗೆ 164: ಮಾತ್ರೆ ಬೇಕಾ, ನಡೆದರೆ ಸಾಕಾ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ತೂಕ 78 ಕೆಜಿ. ಹೋದ ವಾರ ಗ್ಲೂಕೋಸ್ ಟಾಲರೆನ್ಸ್ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 92, ಎರಡು ಗಂಟೆಗೆ 164. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.8. ಒಬ್ಬ ಡಾಕ್ಟರು "ಬಾರ್ಡರ್ ಇದೆ, ತೂಕ ಇಳಿಸಿ, ದಿನಾ ನಡೆಯಿರಿ" ಎಂದರು. ಇನ್ನೊಬ್ಬರು ಅದೇ ರಿಪೋರ್ಟ್ ನೋಡಿ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಬರೆದುಕೊಟ್ಟರು. ಚೀಟಿ ನಾಲ್ಕು ಮಡಿಕೆಯಾಗಿ ಪರ್ಸಿನಲ್ಲೇ ಇದೆ, ಇನ್ನೂ ಅಂಗಡಿಗೆ ಕೊಟ್ಟಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಶುಗರ್ ಇನ್ನೂ ಬಂದಿಲ್ಲದವರ ಮೇಲೆ ಸರಿಯಾದ ಸಂಶೋಧನೆ ನಡೆದಿದೆಯಾ? ನಡಿಗೆಯಿಂದ 58% ತಪ್ಪುತ್ತದೆ, ಮಾತ್ರೆಯಿಂದ 31% ತಪ್ಪುತ್ತದೆ ಎಂದು ಎಲ್ಲೋ ಓದಿದೆ. ಹಾಗಾದರೆ ಎರಡೂ ಮಾಡಿದರೆ 89% ತಪ್ಪಬೇಕಲ್ವಾ? ಇಲ್ಲ ಇದೆಲ್ಲ ಸುಮ್ನೆ ಹೆದರಿಸೋದಾ?

ಹಳೇಚಾಳೀಸು:
ನಡೆದಿದೆ, ಸಾಕಷ್ಟು ದೊಡ್ಡದಾಗಿಯೇ ನಡೆದಿದೆ. ಆದರೆ ಆ ಎರಡು ಅಂಕಿಗಳನ್ನು ಕೂಡಿಸಲು ಹೋಗಬೇಡಿ, ಲೆಕ್ಕ ಹಾಗೆ ನಡೆಯುವುದಿಲ್ಲ.

ನೀವು ಓದಿದ್ದು ಅಮೆರಿಕದ ಡಿಪಿಪಿ, ಅಂದರೆ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ. ಫಲಿತಾಂಶ ಬಂದದ್ದು 2002ರಲ್ಲಿ. ಬಾರ್ಡರ್‌ನಲ್ಲಿದ್ದ 3,234 ಜನರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ಊಟ ಮತ್ತು ವ್ಯಾಯಾಮದ ತರಬೇತಿ, ಒಂದಕ್ಕೆ ಮೆಟ್‌ಫಾರ್ಮಿನ್ 850 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಇನ್ನೊಂದಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ. ಅಸಲಿಗೆ ನಾಲ್ಕನೇ ಗುಂಪೂ ಒಂದಿತ್ತು, ಟ್ರೊಗ್ಲಿಟಜೋನ್ ಎಂಬ ಮಾತ್ರೆಯದು. ಅದು ಲಿವರ್ ಕೆಡಿಸುತ್ತದೆ ಎಂದು ಗೊತ್ತಾಗಿ 1998ರಲ್ಲೇ ಆ ಗುಂಪನ್ನು ನಿಲ್ಲಿಸಿಬಿಟ್ಟರು. ಕಾಯಿಲೆ ಇನ್ನೂ ಬಾರದವರಿಗೆ ಮಾತ್ರೆ ಕೊಡುವಾಗ ಯಾಕೆ ಅಳೆದು ತೂಗಬೇಕು ಎನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಈಗ 58ರ ವಿಷಯ. ಮೂರು ವರ್ಷದಲ್ಲಿ ಸುಳ್ಳು ಮಾತ್ರೆ ನುಂಗಿದ ನೂರು ಜನರಲ್ಲಿ ಸುಮಾರು 29 ಜನಕ್ಕೆ ಶುಗರ್ ಬಂತು. ಮೆಟ್‌ಫಾರ್ಮಿನ್ ಗುಂಪಿನಲ್ಲಿ 22, ಊಟ ಮತ್ತು ವ್ಯಾಯಾಮದ ಗುಂಪಿನಲ್ಲಿ 14. ಹಾಗಾಗಿ 58% ಎಂದರೆ ನೂರರಲ್ಲಿ 58 ಜನ ಬಚಾವಾದರು ಎಂದಲ್ಲ, ಸುಳ್ಳು ಮಾತ್ರೆಯವರಿಗೆ ಹೋಲಿಸಿದರೆ ಶುಗರ್ ಬರುವ ವೇಗ ಅಷ್ಟು ತಗ್ಗಿತು ಎಂದು. ಇನ್ನೊಂದು ಕಡೆಯಿಂದ ನೋಡಿದರೆ ಏನೂ ಮಾಡದವರಲ್ಲೂ 71 ಜನಕ್ಕೆ ಮೂರು ವರ್ಷದೊಳಗೆ ಬರಲಿಲ್ಲ. ಇದನ್ನೂ ಹೇಳಬೇಕು, ಯಾರೂ ಹೇಳುವುದಿಲ್ಲ.

ಎರಡೂ ಕೂಡಿಸಿದರೆ ಏನಾಗುತ್ತದೆ ಎಂದು ನಮ್ಮ ದೇಶದಲ್ಲೇ ನೋಡಿದ್ದಾರೆ. ಐಡಿಪಿಪಿ ಅಂತ, ಅಂದರೆ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ, 531 ಜನ, 2006ರಲ್ಲಿ ಪ್ರಕಟವಾಯಿತು. ಏನೂ ಮಾಡದವರಲ್ಲಿ ಮೂರು ವರ್ಷಕ್ಕೆ 55% ಜನಕ್ಕೆ ಬಂತು. ಬರೀ ಊಟ ಮತ್ತು ನಡಿಗೆ 39.3, ಬರೀ ಮಾತ್ರೆ 40.5, ಎರಡೂ ಸೇರಿಸಿದರೆ 39.5. ಜಾಸ್ತಿ ಲಾಭ ಏನೂ ಸಿಗಲಿಲ್ಲ. ನಿಮ್ಮ 89 ಅಲ್ಲೇ ಬಿದ್ದುಹೋಯಿತು. ಇಲ್ಲಿ ಕೊಟ್ಟ ಮೆಟ್‌ಫಾರ್ಮಿನ್ ಬರೀ 250 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಈ ಜನ ಅಷ್ಟೊಂದು ದಪ್ಪಗೂ ಇರಲಿಲ್ಲ, ಆದರೂ ಕಾಯಿಲೆ ಬರುವ ವೇಗ ಅಮೆರಿಕದವರಿಗಿಂತ ಜಾಸ್ತಿ ಇತ್ತು.

ನಿಧಾನಗತಿ:
ಮಾತ್ರೆ ನುಂಗುವವಳಾಗಿ ನಾನೂ ಒಂದು ಮಾತು ಹೇಳುತ್ತೇನೆ. ಗರ್ಭಿಣಿಯಾಗಿದ್ದಾಗ ಶುಗರ್ ಬಂದು ಹೆರಿಗೆ ಆದ ಮೇಲೆ ಹೋಗಿತ್ತು. ಆರು ವರ್ಷಕ್ಕೆ ನಿಮ್ಮ ಹಾಗೇ ಬಾರ್ಡರ್‌ಗೆ ಬಂದೆ. ನನ್ನ ಡಾಕ್ಟರು ತಡ ಮಾಡದೆ ಮೆಟ್‌ಫಾರ್ಮಿನ್ ಕೊಟ್ಟರು. ಬಸುರಿಯಲ್ಲಿ ಶುಗರ್ ಇದ್ದ ಹೆಂಗಸರಲ್ಲಿ ಈ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ, ಡಿಪಿಪಿಯಲ್ಲಿ ಸುಮಾರು ಅರ್ಧದಷ್ಟು ತಗ್ಗಿತು ಎಂದು ಆಗಲೇ ವಿವರಿಸಿದರು.

ಮೊದಲ ಎರಡು ವಾರ ಮಾತ್ರ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಬಸ್ಸು ಹತ್ತುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳುವ ಸ್ಥಿತಿ. ಊಟದ ಜೊತೆಗೇ ತೆಗೆದುಕೊಳ್ಳಿ ಎಂದರು, ಆಮೇಲೆ ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿದರು, ಸರಿಹೋಯಿತು. ಬಹಳ ವರ್ಷ ನುಂಗುವವರು ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಎಂದು ನೋಡಿಸಿಕೊಳ್ಳುತ್ತಿರಬೇಕು, ಅದನ್ನು ಮರೆಯಬೇಡಿ.

ಕೊಕ್ಕೆ:
ಎಲ್ಲ ಸರಿ. ಆದರೆ ಕಾಯಿಲೆ ಬರುವ ಮೊದಲೇ ಕಾಯಿಲೆಗೆ ಮಾತ್ರೆ ಕೊಡುವುದಕ್ಕೆ ತಡೆಯುವುದು ಅಂತ ಹೆಸರಿಟ್ಟರೆ ಹೇಗೆ? ಮಾತ್ರೆ ನಿಲ್ಲಿಸಿದ ದಿನ ಅಂಕಿ ಮತ್ತೆ ಏರಿದರೆ ಅದು ತಡೆದದ್ದಾ ಅಥವಾ ಮುಚ್ಚಿಟ್ಟದ್ದಾ? ಎರಡು ಗಂಟೆಯ ಅಂಕಿ 140 ಮುಟ್ಟಿದರೆ ಬಾರ್ಡರ್ ಎಂಬ ಗೆರೆ ಎಳೆದದ್ದು ಮನುಷ್ಯರೇ. 139 ಇದ್ದವನು ನೆಮ್ಮದಿಯಾಗಿ ಮಲಗುತ್ತಾನೆ, 141 ಇದ್ದವನು ರಾತ್ರಿಯಿಡೀ ಇಂಟರ್ನೆಟ್ ಜಾಲಾಡುತ್ತಾನೆ.

ಹಳೇಚಾಳೀಸು:
ಕೊಕ್ಕೆಯವರೇ, ಒಳ್ಳೆಯ ಪ್ರಶ್ನೆ, ಹೆಸರಿಗೆ ತಕ್ಕ ಹಾಗಿದೆ. ಅದನ್ನೂ ಪರೀಕ್ಷಿಸಿದ್ದಾರೆ. ಡಿಪಿಪಿ ಮುಗಿದ ಮೇಲೆ ಒಂದೆರಡು ವಾರ ಮಾತ್ರೆ ನಿಲ್ಲಿಸಿ ಮತ್ತೆ ಅಳೆದರು. ಮೆಟ್‌ಫಾರ್ಮಿನ್ ಲಾಭದಲ್ಲಿ ಸುಮಾರು ಕಾಲು ಭಾಗ ಹೋಯಿತು, ಉಳಿದದ್ದು ನಿಂತಿತು. ಅಕಾರ್ಬೋಸ್ ಎಂಬ ಇನ್ನೊಂದು ಶುಗರ್ ಮಾತ್ರೆಯದು ಬೇರೆ ಕಥೆ. ಸ್ಟಾಪ್-ಎನ್‌ಐಡಿಡಿಎಂ ಎಂಬ ಪ್ರಯೋಗದಲ್ಲಿ 25% ತಗ್ಗಿಸಿತು, ಆದರೆ ಮಾತ್ರೆ ನಿಲ್ಲಿಸಿದ ಮೇಲೆ ಆ ಲಾಭ ಉಳಿಯಲಿಲ್ಲ. ಅದನ್ನು ನುಂಗಿದವರಿಗೆ ಗ್ಯಾಸ್ ಬೇರೆ, ಎಷ್ಟೋ ಜನ ನಡುವೆಯೇ ಕೈಬಿಟ್ಟರು. ರೋಸಿಗ್ಲಿಟಜೋನ್ ಎಂಬ ಮತ್ತೊಂದು ಮಾತ್ರೆ 2006ರಲ್ಲಿ 60% ತಗ್ಗಿಸಿ ಎಲ್ಲರ ಹುಬ್ಬೇರಿಸಿತು, ಜೊತೆಗೆ ಹಾರ್ಟ್ ಫೇಲ್ಯೂರ್ ಜಾಸ್ತಿ ಮಾಡಿತು. ಹಾಗಾಗಿ ನಿಮ್ಮ ಅನುಮಾನ ಎಲ್ಲ ಮಾತ್ರೆಗೂ ಒಂದೇ ಸಮ ಅಂಟುವುದಿಲ್ಲ, ಕೆಲವಕ್ಕಂತೂ ಚೆನ್ನಾಗಿಯೇ ಅಂಟುತ್ತದೆ.

ಊಟ ಮತ್ತು ವ್ಯಾಯಾಮದ್ದು ಮಾತ್ರ ಬಹಳ ದೂರ ಬರುತ್ತದೆ. ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರು ಮಾಡಿದರು, 577 ಜನ, ಎಲ್ಲರಿಗೂ ಇದೇ ಎರಡು ಗಂಟೆಯ ಅಂಕಿ ಏರಿತ್ತು. ಬದಲಾವಣೆ ಮಾಡಿಸಿದ್ದು ಬರೀ ಆರು ವರ್ಷ. 30 ವರ್ಷ ಆದ ಮೇಲೆ ಅದೇ ಜನರನ್ನು ಹುಡುಕಿ ನೋಡಿದರೆ ಶುಗರ್ ಬರುವುದು ಸುಮಾರು ನಾಲ್ಕು ವರ್ಷ ತಡವಾಗಿತ್ತು, ಹೃದಯದ ಕಾಯಿಲೆಯಿಂದ ಸತ್ತವರು ಮೂರನೇ ಒಂದು ಭಾಗ ಕಡಿಮೆ, ಆಯಸ್ಸು ಸರಾಸರಿ 1.44 ವರ್ಷ ಜಾಸ್ತಿ. ಆದರೂ 20 ವರ್ಷದ ಹೊತ್ತಿಗೆ ಬದಲಾವಣೆ ಮಾಡಿಕೊಂಡವರಲ್ಲೂ 80% ಜನಕ್ಕೆ ಶುಗರ್ ಬಂದಿತ್ತು, ಮಾಡದವರಲ್ಲಿ 93%. ನನ್ನನ್ನು ಕೇಳಿದರೆ ತಡೆಯುವುದು ಎನ್ನುವುದಕ್ಕಿಂತ ಮುಂದೂಡುವುದು ಎನ್ನುವುದೇ ಸರಿ. 50ಕ್ಕೆ ಬರಬೇಕಾದದ್ದು 54ಕ್ಕೆ ಬಂದರೆ ಕಣ್ಣು, ಕಿಡ್ನಿ, ಕಾಲಿಗೆ ಅಷ್ಟು ವರ್ಷ ಉಳಿಯಿತಲ್ಲ.

ಸಂಜೆಗಾಳಿಯವರೇ, ಇನ್ನೊಂದು ಮಾತು. ಡಿಪಿಪಿಗೆ ಸೇರಲು ಎರಡು ಗಂಟೆಯ ಅಂಕಿ ಏರಿದ್ದರೆ ಸಾಲುತ್ತಿರಲಿಲ್ಲ, ಖಾಲಿ ಹೊಟ್ಟೆಯದೂ ಸಾಮಾನ್ಯವಾಗಿ 95ಕ್ಕೆ ಕಡಿಮೆ ಇರಬಾರದಿತ್ತು. ನಿಮ್ಮ 92ಕ್ಕೆ ಅಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಆ 31% ಅನ್ನು ಹಾಗೇ ತಂದು ನಿಮ್ಮ ಮೇಲೆ ಹೊದಿಸುವುದು ಕಷ್ಟ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಬಿಡುವುದು ಲಿವರ್, ಮೆಟ್‌ಫಾರ್ಮಿನ್ ಮುಖ್ಯವಾಗಿ ಹಿಡಿಯುವುದು ಅದನ್ನೇ. ಕುಡಿದ ಗ್ಲೂಕೋಸನ್ನು ಹೆಚ್ಚಾಗಿ ಹೀರಬೇಕಾದದ್ದು ಸ್ನಾಯು, ನಿಮ್ಮಲ್ಲಿ ಎಡವುತ್ತಿರುವುದು ಅದು ಎಂದು ಕಾಣುತ್ತದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಹೆಚ್ಚು ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ನಿಮಗೆ ನಡಿಗೆ ಮೊದಲು ಎನ್ನುತ್ತೇನೆ. ವಾರಕ್ಕೆ 150 ನಿಮಿಷ, ತೂಕದಲ್ಲಿ 7% ಇಳಿಕೆ, ಡಿಪಿಪಿ ಇಟ್ಟ ಗುರಿ ಅದು. ನಿಮ್ಮ ಲೆಕ್ಕದಲ್ಲಿ ಐದೂವರೆ ಕೆಜಿ. ಚೀಟಿ ಹರಿಯಬೇಡಿ, ಬರೆದವರನ್ನೇ ಹೋಗಿ ಯಾಕೆ ಬರೆದಿರಿ ಎಂದು ಕೇಳಿ.

ಸಂಜೆಗಾಳಿ:
ತುಂಬ ಥ್ಯಾಂಕ್ಸ್. ಸ್ನಾಯುವಿನ ವಿಷಯ ಓದಿ ಈಗ ಒಂದು ಅನುಮಾನ. ಪರೀಕ್ಷೆ ದಿನ ಆ ಲೋಟ ಮುಗಿಸುವಷ್ಟರಲ್ಲಿ ಸಾಕುಸಾಕಾಯಿತು. ಸಕ್ಕರೆಪಾಕ ಕುಡಿದ ಹಾಗೆ, ತುಟಿ ಅಂಟಂಟು, ಕೊನೆಯ ಎರಡು ಗುಟುಕಿಗೆ ವಾಕರಿಕೆ. ಬೆಂಚಿನ ಮೇಲೆ ಕೂರಲಾಗದೆ ಹೊರಗೆ ಹೋಗಿ ಮುಕ್ಕಾಲು ಗಂಟೆ ಬಿರುಸಾಗಿ ಓಡಾಡಿ ಬಂದೆ. ಕೂತಿರಿ ಎಂದು ಯಾರೂ ಹೇಳಲಿಲ್ಲ. ಹಿಂದಿನ ಮೂರು ದಿನ ಹೆದರಿ ಅರ್ಧ ಹೊಟ್ಟೆ ಊಟ ಬೇರೆ.

ಹಳೇಚಾಳೀಸು:
ಅಯ್ಯೋ ಮಾರಾಯರೇ, ಇದನ್ನು ಮೊದಲೇ ಹೇಳಬಾರದಾ! ಎರಡು ಗಂಟೆಯೂ ಕೂತೇ ಇರಬೇಕು. ಓಡಾಡಿದರೆ ಅಂಕಿ ಇಳಿಯುತ್ತದೆ. ಮೂರು ದಿನ ಮೊದಲಿಂದ ಮಾಮೂಲಿ ಊಟ ಮಾಡಿರಬೇಕು, ದಿನಕ್ಕೆ 150 ಗ್ರಾಂಗೆ ಕಡಿಮೆ ಇಲ್ಲದಂತೆ ಕಾರ್ಬೋಹೈಡ್ರೇಟ್ ಹೋಗಿರಬೇಕು. ಕಡಿಮೆ ತಿಂದಿದ್ದರೆ ಅಂಕಿ ಸುಳ್ಳೇ ಏರುತ್ತದೆ. ನಿಮ್ಮದು ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿದ 164. ನಿಜವಾದದ್ದು 130 ಇರಬಹುದು, 200 ದಾಟಿಯೂ ಇರಬಹುದು. ಸರಿಯಾಗಿ ಮಾಡಿದರೂ ಈ ಪರೀಕ್ಷೆ ಒಂದೊಂದು ದಿನ ಒಂದೊಂದು ಹೇಳುತ್ತದೆ. ಐಡಿಪಿಪಿಯವರು ಎರಡು ಸಲ ನೋಡಿ ಎರಡರಲ್ಲೂ ಏರಿದ್ದವರನ್ನೇ ಸೇರಿಸಿಕೊಂಡದ್ದು ಅದಕ್ಕೇ.

ಕೊಕ್ಕೆ:
ಇಷ್ಟು ಹೊತ್ತು ನಾವೆಲ್ಲ ಯಾವ ಅಂಕಿಗೆ ಸಲಹೆ ಕೊಡುತ್ತಿದ್ದೆವು ಹಾಗಾದರೆ 😄

ನಿಧಾನಗತಿ:
ಈ ಸಲ ಒಂದು ಪುಸ್ತಕ ತೆಗೆದುಕೊಂಡು ಹೋಗಿ. ಐದು ನಿಮಿಷದೊಳಗೆ ಕುಡಿದು ಮುಗಿಸಿ, ಆಮೇಲೆ ಕದಲಬೇಡಿ. ವಾಂತಿ ಆದರೆ ತಕ್ಷಣ ಹೇಳಿ, ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ.

ಸಂಜೆಗಾಳಿ:
ಸರಿ. ಇವತ್ತಿಂದ ಹೊಟ್ಟೆ ತುಂಬ ಊಟ, ಗುರುವಾರ ಬೆಳಿಗ್ಗೆ ಮತ್ತೆ ಲೋಟ. ಚೀಟಿ ಅಲ್ಲಿವರೆಗೆ ಪರ್ಸಿನಲ್ಲೇ ಇರಲಿ. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.