ಪದಚರ್ಚೆ: ‘ಎಂಜಿನ್ ಶಕ್ತಿ ಕುಂದಿದೆ’ ಎಂದರೆ ಕುಂದಿದ್ದು ಯಾವುದು? 1957ರ ಷೆವರ್ಲೆಯ ಒಂದು ಅಡಿಬರಹ

ಪ್ರಶ್ನೆ

ಅಮೆರಿಕದ ಹಳೆಯ ಕಾರುಗಳ ಮೇಲಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಚಿತ್ರದ ಅಡಿಬರಹ ಹೀಗಿದೆ: ‘1957ರ ಷೆವರ್ಲೆ ಬೆಲ್ ಏರ್, ಎರಡು ಬಾಗಿಲಿನ ಹಾರ್ಡ್‌ಟಾಪ್, 283 ವಿ8, ಪವರ್‌ಗ್ಲೈಡ್. ಹೊಸದರಲ್ಲಿ 185 ಅಶ್ವಶಕ್ತಿ, ಈಗ ಚಕ್ರದಲ್ಲಿ ಅಳೆದರೆ 118.’ ಹಾರ್ಡ್‌ಟಾಪ್‌ಗೆ ‘ಗಟ್ಟಿ ಚಾವಣಿ’ ಎನ್ನಬಹುದೆ? ಚಿತ್ರದಲ್ಲಿ ಗ್ರಿಲ್ಲಿನ ಜಾಲರಿ ಬೆಳ್ಳಿ ಬಣ್ಣದ್ದು, ಬಾನೆಟ್ ಮೇಲಿನ ‘ವಿ’ ಕೂಡ ಬೆಳ್ಳಿ. ಹಿಂಬದಿಯ ಪಕ್ಕದಲ್ಲಿ ಎರಡು ಕ್ರೋಮ್ ಪಟ್ಟಿಗಳ ನಡುವೆ ಬಿಳಿ ಪೇಂಟ್ ಇದೆ. ಇದು ಬೆಲ್ ಏರ್ ಹೌದೆ? ಕೊನೆಯ ಸಾಲನ್ನು ‘ವಯಸ್ಸಾಗಿ ಎಂಜಿನ್ ಮೂರನೇ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಕಳೆದುಕೊಂಡಿದೆ’ ಎಂದು ಬಿಡಿಸಿ ಬರೆದರೆ ಸರಿಯೆ?

ಉತ್ತರ 1

‘ಗಟ್ಟಿ ಚಾವಣಿ’ ಬೇಡ. ಉಕ್ಕಿನ ಚಾವಣಿ ಮಾಮೂಲಿ ಸೆಡಾನ್‌ಗೂ ಇರುತ್ತದೆ, ಆ ಮಾತಿನಿಂದ ಓದುಗರಿಗೆ ಹೊಸದೇನೂ ತಿಳಿಯದು. ಆ ಕಾಲದ ಅಮೆರಿಕನ್ ಕಾರುಗಳಲ್ಲಿ ಹಾರ್ಡ್‌ಟಾಪ್ ಎಂದರೆ ಬಾಗಿಲಿನ ಹಿಂದೆ ಚಾವಣಿಗೆ ಆನಿಸಿದ ನಡುಗಂಬ ಇಲ್ಲದ್ದು. ಗಾಜುಗಳನ್ನೆಲ್ಲ ಇಳಿಸಿದರೆ ಪಕ್ಕ ಪೂರ್ತಿ ಬಯಲು. ಸೆಡಾನ್‌ನಲ್ಲಿ ಗಾಜು ಇಳಿಸಿದರೂ ಕಂಬ ನಿಂತೇ ಇರುತ್ತದೆ. ಷೆವರ್ಲೆ ತನ್ನ ಎರಡು ಬಾಗಿಲಿನ ಹಾರ್ಡ್‌ಟಾಪ್‌ಗೆ ಸ್ಪೋರ್ಟ್ ಕೂಪ್ ಎಂಬ ಹೆಸರಿಟ್ಟಿತ್ತು. ಮೊದಲ ಸಲ ‘ನಡುಗಂಬವಿಲ್ಲದ ಹಾರ್ಡ್‌ಟಾಪ್’ ಎಂದು ಬರೆದು ಮುಂದೆ ಬರೀ ಹಾರ್ಡ್‌ಟಾಪ್ ಎನ್ನಿ.

ಇಸವಿಯ ಬಗ್ಗೆ ಅನುಮಾನ ಬಂದರೆ ಮುಖ ನೋಡಿ. 1955ರ ಗ್ರಿಲ್ ಚಿಕ್ಕದು, ಚೌಕುಳಿ ಜಾಲರಿ. 1956ರಲ್ಲಿ ಅದು ಕಾರಿನ ಅಗಲಕ್ಕೂ ಹರಡಿತು. 1957ರಲ್ಲಿ ಹಿಂದೆ ಚೂಪು ರೆಕ್ಕೆಗಳು, ಬಾನೆಟ್ ಮೇಲೆ ಗುಂಡಿನಾಕಾರದ ಎರಡು ಅಲಂಕಾರಗಳು, ಹೆಡ್‌ಲೈಟ್ ಮೇಲೆ ಗಾಳಿಕಂಡಿ. ಚಕ್ರವೂ 15 ಇಂಚಿನಿಂದ 14ಕ್ಕೆ ಇಳಿಯಿತು. ಪೆಟ್ರೋಲ್ ಮುಚ್ಚಳ ಹುಡುಕಿದರೂ ತಿಳಿಯುತ್ತದೆ: 1956ರಲ್ಲಿ ಅದು ಎಡಗಡೆಯ ಹಿಂದೀಪದ ಹಿಂದೆ ಅಡಗಿದೆ, 1957ರಲ್ಲಿ ಎಡ ರೆಕ್ಕೆಯ ಅಂಚಿನ ಕ್ರೋಮ್ ತುಂಡಿನ ಹಿಂದೆ.

ಆದರೆ ನೀವು ಹೇಳಿದ ಗುರುತುಗಳು ಬೆಲ್ ಏರ್‌ನವಲ್ಲ. 1957ರ ಬೆಲ್ ಏರ್‌ನಲ್ಲಿ ಗ್ರಿಲ್ ಜಾಲರಿ ಚಿನ್ನದ ಬಣ್ಣದ್ದು, ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಇದ್ದರೆ ಬಾನೆಟ್ ಮತ್ತು ಡಿಕ್ಕಿಯ ಮೇಲಿನ ‘ವಿ’ ಕೂಡ ಚಿನ್ನದ್ದು. ಪಕ್ಕದ ಪಟ್ಟಿಗಳ ನಡುವೆ ಗೆರೆಗೆರೆಯ ಅಲ್ಯೂಮಿನಿಯಂ ಹಾಳೆ ಕೂರಿಸಿರುತ್ತಾರೆ. ಅದೇ ಪಟ್ಟಿ, ಒಳಗೆ ಪೇಂಟ್, ಬೆಳ್ಳಿ ಗ್ರಿಲ್ ಎಂದರೆ ಒಂದು ಮೆಟ್ಟಿಲು ಕೆಳಗಿನ ಮಾದರಿ, 210. ಇದನ್ನು ‘ಟೂ-ಟೆನ್’ ಎಂದೇ ಅಕ್ಷರದಲ್ಲಿ ಬರೆಯಿರಿ. ಅಂಕಿಯಲ್ಲಿ ಬರೆದರೆ 283, 185ರ ಪಕ್ಕದಲ್ಲಿ ಓದುಗರು ಅದನ್ನೂ ಅಶ್ವಶಕ್ತಿ ಎಂದುಕೊಳ್ಳುತ್ತಾರೆ.

ಬರೀ ಚಿತ್ರ ನಂಬಿ ತೀರ್ಮಾನ ಮಾಡಬೇಡಿ. ಬೆಲ್ ಏರ್‌ಗೆ ಬೆಲೆ ಹೆಚ್ಚು, ಹಾಗಾಗಿ ಟೂ-ಟೆನ್‌ಗೆ ಬೆಲ್ ಏರ್ ಪಟ್ಟಿ ಹಾಕಿ ಮಾರುವುದು ಉಂಟು. ಎಡ ಮುಂಬಾಗಿಲು ತೆರೆದರೆ ಹಿಂಜ್ ಇರುವ ಕಂಬದ ಮೇಲೆ ಸಂಖ್ಯೆಯ ತಗಡು ಇದೆ. ‘ವಿಸಿ57’ ಎಂದು ಶುರುವಾದರೆ ವಿ8 ಬೆಲ್ ಏರ್, ‘ವಿಬಿ57’ ಆದರೆ ವಿ8 ಟೂ-ಟೆನ್, ‘ವಿಎ57’ ಆದರೆ ಅದಕ್ಕೂ ಕೆಳಗಿನ ಮಾದರಿ ಒನ್-ಫಿಫ್ಟಿ. ಮೊದಲ ‘ವಿ’ ಇಲ್ಲದಿದ್ದರೆ ಕಾರು ಹುಟ್ಟಿದ್ದು ಆರು ಸಿಲಿಂಡರ್‌ನಲ್ಲಿ. 57ರ ಮುಂದಿನ ಅಕ್ಷರ ಕಾರ್ಖಾನೆಯದು: ಎಫ್ ಎಂದರೆ ಫ್ಲಿಂಟ್, ಟಿ ಎಂದರೆ ಟ್ಯಾರಿಟೌನ್. ಬಾನೆಟ್ ಎತ್ತಿದರೆ ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲೆ ಬಾಡಿಯ ತಗಡು ಬೇರೆ ಇದೆ. ಅದರಲ್ಲಿ 57-1037ಡಿ ಇದ್ದರೆ ಬೆಲ್ ಏರ್ ಹಾರ್ಡ್‌ಟಾಪ್. ಆ ‘ಡಿ’ ಬೆಲ್ ಏರ್‌ನ ಗುರುತು.

‘283’ ಎಂಬುದನ್ನೂ ಹಾಗೇ ಒಪ್ಪಬೇಡಿ. 265, 283, 327, 350 ಎಲ್ಲ ಹೊರಗಿನಿಂದ ಒಂದೇ ಥರ, ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಬ್ಲಾಕ್‌ನ ಹಿಂಬದಿ, ಗೇರ್‌ಬಾಕ್ಸ್ ಜೋಡಿಸುವ ಅಂಚಿನ ಎಡಗಡೆ ಎರಕದಲ್ಲೇ ಮೂಡಿದ ಸಂಖ್ಯೆ ಇರುತ್ತದೆ. 1957ರ 283ರಲ್ಲಿ ಅದು 3731548. 283 ಎನ್ನುವುದು ಘನ ಇಂಚಿನ ಲೆಕ್ಕ, ನಮ್ಮ ಅಳತೆಯಲ್ಲಿ 4.6 ಲೀಟರ್.

ಇನ್ನು ಅಶ್ವಶಕ್ತಿ. ನಿಮ್ಮ ಸಾಲು ತಪ್ಪು ಅರ್ಥ ಕೊಡುವುದು ಇಲ್ಲಿಯೇ. 185 ಎನ್ನುವುದು ಗ್ರಾಸ್ ಅಶ್ವಶಕ್ತಿ. ಎಂಜಿನ್ನನ್ನು ಕಾರಿನಿಂದ ಹೊರಗೆ, ಸ್ಟ್ಯಾಂಡ್ ಮೇಲೆ, ಏರ್ ಕ್ಲೀನರ್ ಇಲ್ಲದೆ, ಸೈಲೆನ್ಸರ್ ಇಲ್ಲದೆ, ಫ್ಯಾನ್‌ನಂಥ ಹೊರೆ ಬಿಚ್ಚಿಟ್ಟು, ಕಿಡಿ ಹಾರುವ ಟೈಮಿಂಗ್ ಅತ್ಯುತ್ತಮ ಜಾಗಕ್ಕೆ ತಿರುಗಿಸಿ ಅಳೆದದ್ದು. 1972ರ ಮಾಡೆಲ್‌ಗಳಿಂದ ಅಮೆರಿಕದ ಕಂಪನಿಗಳು ಇವೆಲ್ಲ ಕೂಡಿಸಿ ಅಳೆದ ನೆಟ್ ಅಂಕಿ ಕೊಡತೊಡಗಿದವು. ಷೆವರ್ಲೆಯದೇ ಸ್ಪೋರ್ಟ್ಸ್ ಕಾರು, 1971ರ ಕಾರ್ವೆಟ್‌ಗೆ ಎರಡೂ ಅಂಕಿಗಳಿವೆ, ಅದರಿಂದ ಅಂತರ ಎಷ್ಟೆಂದು ಕಾಣುತ್ತದೆ: ಮೂಲ 350 ಎಂಜಿನ್‌ಗೆ ಗ್ರಾಸ್ 270, ನೆಟ್ 210, ಅದರ ಹೆಚ್ಚು ಬಲದ ರೂಪ ಎಲ್‌ಟಿ-1ಕ್ಕೆ 330 ಮತ್ತು 275. ಎಂಜಿನ್ ಅದೇ, ಬೋಲ್ಟ್ ಕೂಡ ಬದಲಾಗಿಲ್ಲ.

185ರಲ್ಲಿ ಸುಮಾರು ಐದನೇ ಒಂದು ಪಾಲು ಕಳೆಯಿರಿ, 148. ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಟಾರ್ಕ್ ಕನ್ವರ್ಟರ್, ಎರಡು ಗೇರು, ಹಿಂದಿನ ಆ್ಯಕ್ಸಲ್ ಸೇರಿ ಉಳಿದದ್ದರಲ್ಲಿ ಮತ್ತೆ ಐದನೇ ಒಂದು ಪಾಲು ತಿನ್ನುತ್ತವೆ ಎಂದಿಟ್ಟುಕೊಂಡರೆ ಚಕ್ರಕ್ಕೆ ಸಿಗುವುದು 118. ಇದು ಅಂದಾಜಿನ ಲೆಕ್ಕ ನಿಜ. ಆದರೂ ಆ ಎಂಜಿನ್ ಆರೋಗ್ಯವಾಗಿದೆ ಎನ್ನುವುದಕ್ಕೆ ಸಾಕು. ಅಡಿಬರಹ ಹೀಗಿರಲಿ: ‘ಕಂಪನಿ ಘೋಷಿಸಿದ್ದು 185 ಗ್ರಾಸ್ ಅಶ್ವಶಕ್ತಿ. ಈಗ ಹಿಂಚಕ್ರದಲ್ಲಿ ಅಳತೆ 118.’ ನಡುವೆ ‘ಆದರೆ’ ಹಾಕಬೇಡಿ. ಗ್ರಾಸ್‌ಗೆ ‘ಒಟ್ಟು’ ಎಂದೂ ಬರೆಯಬೇಡಿ, ಏನನ್ನೋ ಕೂಡಿಸಿ ಬಂದ ಮೊತ್ತದಂತೆ ಕೇಳಿಸುತ್ತದೆ. ನೆಟ್‌ಗೆ ‘ನಿವ್ವಳ’ ನಡೆಯುತ್ತದೆ.

ಉತ್ತರ 2

ಲೆಕ್ಕ ಸರಿಯಾಗಿದೆ. ಆದರೆ ಹಳೆ ಎಂಜಿನ್ ಬಲ ಕಳೆದುಕೊಳ್ಳುವುದೇ ಇಲ್ಲ ಎಂಬ ಅರ್ಥ ಬರಬಾರದು. ಲೇಖನದ ಮುಂದಿನ ಭಾಗದಲ್ಲಿ ಆ ಮಾತು ಬಂದರೆ ‘ಶಕ್ತಿ ಕುಂದಿದೆ’ ಎಂದು ಒಂದೇ ಸಮ ಬರೆಯಬೇಡಿ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಬೇರೆ ಮಾತುಗಳಿವೆ, ಒಂದೊಂದಕ್ಕೂ ಒಂದೊಂದು ಕಾರಣ.

‘ಪಿಕಪ್ ಇಲ್ಲ’ ಎಂದರೆ ಬಹಳ ಸಲ ಸವಕಳಿಯೇ ಅಲ್ಲ, ಟ್ಯೂನಿಂಗ್. ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್‌ಗಳ ಗ್ಯಾಪ್ ಮುಚ್ಚಿಕೊಂಡಿರುತ್ತದೆ (ಈ ವಿ8ಕ್ಕೆ ಹೊಸ ಪಾಯಿಂಟ್‌ನಲ್ಲಿ 0.019 ಇಂಚು, ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಕೋನ, 30 ಡಿಗ್ರಿ), ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುವ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಲ್ಲಾಡುವುದಿಲ್ಲ, ವ್ಯಾಕ್ಯೂಮ್ ಡಯಾಫ್ರಮ್ ಹರಿದಿರುತ್ತದೆ. ಇವಕ್ಕೂ ಮುಂಚೆ ಒಬ್ಬರನ್ನು ಒಳಗೆ ಕೂರಿಸಿ, ಎಂಜಿನ್ ಆಫ್ ಮಾಡಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಸಿ ಕಾರ್ಬ್ಯುರೇಟರ್ ಬಾಯಿ ನೋಡಿ. ಲಿಂಕೇಜ್ ಸವೆದಿದ್ದರೆ, ಮ್ಯಾಟ್ ದಪ್ಪವಿದ್ದರೆ ಥ್ರಾಟಲ್ ಮುಕ್ಕಾಲು ಮಾತ್ರ ತೆರೆದಿರುತ್ತದೆ. ಖರ್ಚಿಲ್ಲದ ಪರೀಕ್ಷೆ, ಇದರಿಂದಲೇ ಶುರು ಮಾಡಬೇಕು.

‘ಕಂಪ್ರೆಷನ್ ಇಲ್ಲ’ ಎನ್ನುವುದು ಬೇರೆ. ಎಂಜಿನ್ ಬಿಸಿ ಮಾಡಿ, ಎಂಟೂ ಪ್ಲಗ್ ಬಿಚ್ಚಿ, ಕಾಯಿಲ್ ಕರೆಂಟ್ ತೆಗೆದು, ಥ್ರಾಟಲ್ ಪೂರ್ತಿ ತೆರೆದಿಟ್ಟು, ಗೇಜ್ ಹಾಕಿ ಪ್ರತಿ ಸಿಲಿಂಡರ್‌ಗೂ ನಾಲ್ಕೈದು ಸಲ ಒತ್ತುವಷ್ಟು ಸ್ಟಾರ್ಟರ್ ತಿರುಗಿಸಬೇಕು. ಥ್ರಾಟಲ್ ಮುಚ್ಚಿದ್ದರೆ ಒಳ್ಳೆಯ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಅತಿ ಕಡಿಮೆ ಅಂಕಿ ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿದ್ದರೆ ತೊಂದರೆ ಇದೆ. ಆ ಸಿಲಿಂಡರ್‌ಗೆ ಒಂದು ದೊಡ್ಡ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ರಿಂಗ್ ಸವೆದು ಗಾಳಿ ಕೆಳಗಿನ ಚೇಂಬರ್‌ಗೆ ಇಳಿದು ಆಯಿಲ್ ಹಾಕುವ ಬಾಯಿಂದ ಹೊಗೆಯಾಡಿದರೆ ಅದು ‘ಬ್ಯಾಕ್ ಕಂಪ್ರೆಷನ್’. ಅಲ್ಲಿಗೆ ಬಂದ ಮೇಲೆ ‘ಎಂಜಿನ್ ಕೆಲಸಕ್ಕೆ ಬಂದಿದೆ’ ಎನ್ನುತ್ತಾರೆ, ಅಂದರೆ ಬಿಚ್ಚಲೇಬೇಕು. ಬೋರ್ ಮಾಡಿಸಿ 0.030 ಇಂಚು ಓವರ್‌ಸೈಜ್ ಪಿಸ್ಟನ್ ಹಾಕಿದರೆ 283 ಇದ್ದದ್ದು 287 ಆಗುತ್ತದೆ. ಚೆನ್ನಾಗಿ ಕೆಲಸ ಮಾಡಿಸಿದ ಹಳೆ ಎಂಜಿನ್ ಹೊಸದಕ್ಕೆ ಏನೂ ಕಡಿಮೆಯಿಲ್ಲ.

ಇನ್ನು ‘ಎಳೆಯುತ್ತಿಲ್ಲ’ ಎನ್ನುವ ದೂರು. ಕಂಪ್ರೆಷನ್ ಪರೀಕ್ಷೆಯಲ್ಲಿ ಪಾಸಾದ ಎಂಜಿನ್ ಕೂಡ ಏರಿನಲ್ಲಿ ಎಳೆಯದೆ ಇರಬಹುದು. ಈ ಎಂಜಿನ್‌ಗಳಲ್ಲಿ ಅದಕ್ಕೆ ಮುಖ್ಯ ಕಾರಣ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಸಡಿಲ. ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಹಿಂದೆ ಬೀಳುತ್ತದೆ, ಕ್ಯಾಮ್‌ನಿಂದಲೇ ತಿರುಗುವ ಡಿಸ್ಟ್ರಿಬ್ಯೂಟರ್ ಕೂಡ ಹಿಂದೆ ಬೀಳುತ್ತದೆ. ಮೆಕ್ಯಾನಿಕ್ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ತಿರುಗಿಸಿ ಸ್ಪಾರ್ಕ್ ಸರಿಮಾಡುತ್ತಾನೆ, ಗುರುತು ಕೂಡುತ್ತದೆ, ಎಲ್ಲ ಸರಿಯಾಯಿತು ಎನಿಸುತ್ತದೆ. ವಾಲ್ವ್‌ಗಳು ಮಾತ್ರ ತಡವಾಗಿಯೇ ತೆರೆದು ತಡವಾಗಿಯೇ ಮುಚ್ಚುತ್ತಿರುತ್ತವೆ. ಇದನ್ನು ಹಿಡಿಯುವುದು ಸುಲಭ: ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ, ಕ್ರ್ಯಾಂಕ್‌ಪುಲ್ಲಿಯನ್ನು ಸ್ಪ್ಯಾನರ್‌ನಿಂದ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಈಗ ನಿಧಾನ ವಾಪಸ್ ತಿರುಗಿಸುತ್ತ ರೋಟರ್ ಯಾವಾಗ ಕದಲುತ್ತದೆ ನೋಡಿ. ರೋಟರ್ ಕದಲುವ ಮುಂಚೆ ಪುಲ್ಲಿ ಐದಾರು ಡಿಗ್ರಿಗಿಂತ ಹೆಚ್ಚು ತಿರುಗಿದರೆ ಚೈನು, ಎರಡು ಸ್ಪ್ರಾಕೆಟ್ ಒಟ್ಟಿಗೆ ಬದಲಿಸಿ.

ಎರಡನೇ ಕಾರಣ ಕ್ಯಾಮ್‌ನ ಉಬ್ಬು ಸವೆಯುವುದು. ಚಪ್ಪಟೆ ಟ್ಯಾಪೆಟ್ ಉಜ್ಜುವ ಈ ಕ್ಯಾಮ್‌ಗಳಿಗೆ ಆಯಿಲ್‌ನಲ್ಲಿ ಸತು-ರಂಜಕದ ಸೇರ್ಪಡೆ ಬೇಕು, ಇಂದಿನ ಕಾರುಗಳ ಆಯಿಲ್‌ಗಳಲ್ಲಿ ಅದನ್ನು ತಗ್ಗಿಸಿದ್ದಾರೆ. ಎಕ್ಸಾಸ್ಟ್ ಉಬ್ಬು ಸವೆದರೆ ಕಂಪ್ರೆಷನ್ ಗೇಜ್‌ನಲ್ಲಿ ಕಾಣುವುದೇ ಇಲ್ಲ. ಡಯಲ್ ಗೇಜ್ ಇಟ್ಟು ಹದಿನಾರೂ ಪುಶ್‌ರಾಡ್‌ಗಳ ಏರಿಳಿತ ಅಳೆದು, ಇನ್‌ಟೇಕ್ ಇನ್‌ಟೇಕ್‌ಗೆ, ಎಕ್ಸಾಸ್ಟ್ ಎಕ್ಸಾಸ್ಟ್‌ಗೆ ಹೋಲಿಸಿ ನೋಡಬೇಕು.

ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟವರಿಗಾಗಿ ಒಂದು ಅಡಿಟಿಪ್ಪಣಿ ಸೇರಿಸುವುದು ಒಳ್ಳೆಯದು. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಶೇ. 3ರಷ್ಟು ಬಲ ಬಿಟ್ಟುಕೊಡುತ್ತದೆ, ಅಂದರೆ ಇಲ್ಲಿ ಶೇ. 9ರ ಆಸುಪಾಸು. ಕಾರ್ಬ್ಯುರೇಟರ್ ಜೆಟ್ ಹಾಗೇ ಬಿಟ್ಟರೆ ಪೆಟ್ರೋಲ್ ಅಂಶ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಐಡಲ್‌ನಲ್ಲಿ ವ್ಯಾಕ್ಯೂಮ್ ಗೇಜ್ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸಬೇಕೆಂದು ಮ್ಯಾನ್ಯುಯಲ್‌ಗಳು ಹೇಳುವುದು ಸಮುದ್ರಮಟ್ಟದ ಲೆಕ್ಕ. ಇಲ್ಲಿ ಮೂರು ಇಂಚು ಕಡಿಮೆ ಬಂದರೆ, ಮುಳ್ಳು ಅಲುಗಾಡದೆ ನಿಂತಿದ್ದರೆ, ಎಂಜಿನ್ ಬಿಚ್ಚಲು ಹೋಗಬೇಡಿ.