ಎರಡು ಆಸ್ಪೆಕ್ಟ್‌ಗಳ ನಡುವಿನ ತೊಡಕನ್ನು ಮೊದಲೇ ಪತ್ತೆಹಚ್ಚುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ)
ಚಾಲಿ ಅಡಿಕೆ ಖರೀದಿಯ ಲೆಕ್ಕ ಇಡುವ ತಂತ್ರಾಂಶವೊಂದನ್ನು ಆಸ್ಪೆಕ್ಟ್‌ಜೆ (ಹಲವು ಮೆಥಡ್‌ಗಳಿಗೆ ಬೇಕಾಗುವ ಕೆಲಸವನ್ನು ‘ಆಸ್ಪೆಕ್ಟ್’ ಎಂಬ ಪ್ರತ್ಯೇಕ ಘಟಕದಲ್ಲಿ ಬರೆಯಲು ಬಿಡುವ ಜಾವಾ ವಿಸ್ತರಣೆ) ಬಳಸಿ ನೋಡಿಕೊಳ್ಳುತ್ತಿದ್ದೇನೆ. ಬೆಳೆಗಾರರು ತಮ್ಮ ಖಾತೆಯನ್ನಷ್ಟೇ ನೋಡುವಂತೆ ತಡೆಯುವ ಅನುಮತಿಯ ಆಸ್ಪೆಕ್ಟ್ ಅದರಲ್ಲಿ ಮೊದಲಿನಿಂದಲೂ ಇತ್ತು. ಕಳೆದ ತಿಂಗಳು ವೇಗಕ್ಕಾಗಿ, ಒಮ್ಮೆ ತಂದ ಉತ್ತರವನ್ನು ಇಟ್ಟುಕೊಂಡು ಮತ್ತೆ ಕೊಡುವ ಕ್ಯಾಶ್ ಆಸ್ಪೆಕ್ಟ್ ಸೇರಿಸಿದೆ. ಬೇರೆಬೇರೆಯಾಗಿ ಪರೀಕ್ಷಿಸಿದಾಗ ಎರಡೂ ಸರಿಯಾಗಿಯೇ ಇದ್ದವು. ಆದರೆ ಕಾರ್ಯದರ್ಶಿಯವರು ಒಮ್ಮೆ ತೆರೆದ ಖಾತೆಯ ಸಂಖ್ಯೆಯನ್ನು ಬೇರೊಬ್ಬ ಬೆಳೆಗಾರರು ಒತ್ತಿದಾಗ, ಬಾಕಿ ಮೊತ್ತವೂ ಸೇರಿ ಎಲ್ಲ ವಿವರ ಅವರ ಪರದೆಯ ಮೇಲೆ ಬಂತು. ಇನ್ನೊಬ್ಬರ ದುಡ್ಡಿನ ವಿಷಯವಾದ್ದರಿಂದ ನನಗೆ ತುಂಬ ಆತಂಕವಾಗಿದೆ. ಇಂಥದ್ದನ್ನು ಮೊದಲೇ ಕಂಡುಹಿಡಿಯುವ ಕ್ರಮವನ್ನು ತಿಳಿದವರು ಹೇಳಿಕೊಡಬೇಕಾಗಿ ವಿನಂತಿ.

ಉತ್ತರ (ಮಂಜೇಶ್ವರದಿಂದ)
ನಿಮ್ಮ ಕ್ಯಾಶ್‌ನ ‘ಅರೌಂಡ್’ ಅಡ್ವೈಸ್ (ಮೆಥಡನ್ನು ಸುತ್ತುವರಿದು ಓಡುವ, ಆಸ್ಪೆಕ್ಟ್‌ನೊಳಗಿನ ಕೋಡ್), ಬೇಕಾದದ್ದು ಕೈಯಲ್ಲೇ ಇದ್ದರೆ ‘ಪ್ರೊಸೀಡ್’ (ಮುಂದಿನದನ್ನು ಓಡಿಸು ಎಂಬ ಆದೇಶ) ಕರೆಯದೆ ಹಿಂತಿರುಗುತ್ತದೆ. ಆಗ ಅದರ ಒಳಗಿರುವ ಅಡ್ವೈಸ್‌ಗಳಾಗಲಿ ಮೂಲ ಮೆಥಡ್ ಆಗಲಿ ಓಡುವುದೇ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಸ್ಪೆಕ್ಟ್‌ಗಳಲ್ಲಿ ಯಾವುದು ಹೊರಗೆ, ಯಾವುದು ಒಳಗೆ ಎಂಬುದನ್ನು ನಾವು ಹೇಳದಿದ್ದರೆ ಆಸ್ಪೆಕ್ಟ್‌ಜೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ‘ಡಿಕ್ಲೇರ್ ಪ್ರಿಸಿಡೆನ್ಸ್’ ಸಾಲಿನಲ್ಲಿ ಅನುಮತಿಯನ್ನು ಮೊದಲು (ಅಂದರೆ ಹೊರಗೆ), ಕ್ಯಾಶನ್ನು ಅನಂತರ ಬರೆಯಿರಿ.
ಪತ್ತೆಯ ವಿಷಯಕ್ಕೆ ಬಂದರೆ, ಕಂಪೈಲರಿನ ಎಕ್ಸ್‌ಲಿಂಟ್‌ನಲ್ಲಿ (ಅನುಮಾನದ ಜಾಗಗಳನ್ನು ತೋರಿಸುವ ತಪಾಸಣೆಯಲ್ಲಿ) ‘ಅನ್‌ಆರ್ಡರ್ಡ್ ಅಡ್ವೈಸ್ ಅಟ್ ಶ್ಯಾಡೋ’ ಎಂಬ ಎಚ್ಚರಿಕೆ ಇದೆ. ಕ್ರಮ ಗೊತ್ತುಪಡಿಸದ ಎರಡು ಆಸ್ಪೆಕ್ಟ್‌ಗಳು ಒಂದೇ ಜಾಗದಲ್ಲಿ ಕೂಡಿದರೆ ಅದು ಅವುಗಳ ಹೆಸರನ್ನೇ ಹೇಳುತ್ತದೆ. ಮೊದಲಿನಿಂದಲೇ ‘ಇಗ್ನೋರ್’ ಎಂದಿರುವುದರಿಂದ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ‘ಎರರ್’ ಮಾಡಿಕೊಳ್ಳಿ.

ಉತ್ತರ (ಕುಂಬಳೆಯಿಂದ)
ಮೇಲಿನ ಮಾತು ಸರಿ, ಆದರೆ ಅಷ್ಟೇ ಸಾಲದು. ರಶೀದಿಯನ್ನು ಮಲಯಾಳದಲ್ಲೂ ಕನ್ನಡದಲ್ಲೂ ಕೊಡುವ ನಮ್ಮ ತಂತ್ರಾಂಶದಲ್ಲಿ ಭಾಷೆಯ ಆಸ್ಪೆಕ್ಟ್ ಹೊರಗೆ, ಕ್ಯಾಶ್ ಒಳಗೆ ಎಂದು ಕ್ರಮವನ್ನು ಸ್ಪಷ್ಟವಾಗಿಯೇ ಬರೆದಿದ್ದೆವು. ಹೊಸದಾಗಿ ಬರೆದ ರಶೀದಿಯ ಮೆಥಡ್‌ನ ಹೆಸರು ‘ಗೆಟ್’ ಎಂದು ಶುರುವಾಗುತ್ತಿದ್ದುದರಿಂದ, ನಕ್ಷತ್ರ ಚಿಹ್ನೆಯ ಪಾಯಿಂಟ್‌ಕಟ್ (ಅಡ್ವೈಸ್ ಯಾವ ಮೆಥಡ್‌ಗಳಿಗೆ ತಗಲಬೇಕೆಂದು ಹೇಳುವ ಸಾಲು) ಅದನ್ನೂ ಕ್ಯಾಶ್‌ಗೆ ಎಳೆದುಕೊಂಡಿತು. ಕ್ಯಾಶ್‌ನ ಕೀಲಿಯಲ್ಲಿ (ಇಟ್ಟ ಉತ್ತರವನ್ನು ಹುಡುಕುವ ಗುರುತಿನಲ್ಲಿ) ಭಾಷೆ ಇರಲಿಲ್ಲವಾದ್ದರಿಂದ ಕನ್ನಡ ಕೇಳಿದವರ ಕೈಗೆ ಮಲಯಾಳದ ರಶೀದಿ ಬಂತು. ಎಕ್ಸ್‌ಲಿಂಟ್ ಇದಕ್ಕೆ ಚಕಾರ ಎತ್ತಲಿಲ್ಲ.
ಈಗ ಪ್ರತಿ ಬಿಲ್ಡ್‌ನಲ್ಲೂ ‘ಶೋ ವೀವ್ ಇನ್ಫೋ’ ಎಂಬ ಕಂಪೈಲರಿನ ಆಯ್ಕೆ ಹಾಕಿ, ಯಾವ ಮೆಥಡ್‌ಗೆ ಯಾವ ಅಡ್ವೈಸ್ ಹೆಣೆಯಲ್ಪಟ್ಟಿತೆಂಬ ಪಟ್ಟಿಯನ್ನು ಉಳಿಸಿ, ಹಿಂದಿನ ಪಟ್ಟಿಯೊಡನೆ ಹೋಲಿಸುತ್ತೇವೆ. ಹೊಸ ಸಾಲು ಕಂಡರೆ ಒಬ್ಬರು ಕುಳಿತು ಓದಲೇಬೇಕು. ಜೊತೆಗೆ, ಒಬ್ಬರು ತೆರೆದದ್ದನ್ನು ತಕ್ಷಣ ಇನ್ನೊಬ್ಬರು ಕೇಳುವ ಪರೀಕ್ಷೆಯನ್ನು ಎಲ್ಲ ಆಸ್ಪೆಕ್ಟ್‌ಗಳನ್ನೂ ಸೇರಿಸಿಯೇ ಓಡಿಸಿ.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ಕೃತಜ್ಞತೆಗಳು. ಎಚ್ಚರಿಕೆಯನ್ನು ‘ಎರರ್’ ಮಾಡಿದೊಡನೆ ಅನುಮತಿ–ಕ್ಯಾಶ್ ಜೋಡಿಯಲ್ಲದೆ ದಾಖಲೆ–ಟ್ರಾನ್ಸಾಕ್ಷನ್ ಜೋಡಿಯೂ ಸಿಕ್ಕಿತು. ಪಾವತಿ ವಿಫಲವಾಗಿ ರೋಲ್‌ಬ್ಯಾಕ್ ಆದಾಗ (ಮಾಡಿದ ಬದಲಾವಣೆಗಳೆಲ್ಲ ರದ್ದಾದಾಗ), ಅದೇ ಡೇಟಾಬೇಸಿನಲ್ಲಿ ಬರೆದ ದಾಖಲೆಯೂ ಅಳಿಸಿಹೋಗುತ್ತಿದ್ದುದು ಇದರಿಂದಲೇ ಎಂದು ಈಗ ತಿಳಿಯಿತು. ದಾಖಲೆಯನ್ನು ಹೊರಕ್ಕೆ ತಂದಿದ್ದೇನೆ.